ಸಾವಂತ್ರವ್ವನ ಹಾಲಿನ ಕಾಯಿದೆ

ಮನಗೂಳಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಸಾವಂತ್ರವ್ವನದು. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯುವುದು ಅವಳ ಕಸುಬು. ಬೆಳಿಗ್ಗೆ ಹೊರಟರೆ ಓಣಿಯಿಂದ ಓಣಿಗೆ ಸುತ್ತುತ್ತಲೇ ಇರುತ್ತಾಳೆ. ಚಹಾ ಕೊಟ್ಟರೆ ನಿಂತೇ ಕುಡಿಯುತ್ತಾಳೆ. ಅವಳು ಕುಳಿತದ್ದನ್ನು ನಾನಂತೂ ಕಂಡಿರಲಿಲ್ಲ. ಅವಳ ಕೈಯಲ್ಲಿ ಮಿಂದ ಕೂಸು ಮಧ್ಯಾಹ್ನದವರೆಗೆ ಕಣ್ಣು ಬಿಡುವುದಿಲ್ಲ, ಅದು ಖರೆ. ಆದರೆ ಬಾಯಿ ಮಾತ್ರ ಬಲು ಜೋರು.

ಅವಳದೊಂದು ಕಾಯಿದೆ ಇತ್ತು. ಬಾಣಂತಿ ಸೂಜಿ ಚುಚ್ಚಿಸಿಕೊಂಡರೆ ಮೂರು ದಿನ ಕೂಸಿಗೆ ಮೊಲೆ ಕೊಡುವಂತಿಲ್ಲ. ಮದ್ದು ಹಾಲಿಗೆ ಇಳಿಯುತ್ತದೆಂದು ಹೇಳಿ, ಹಾಲು ಹಿಂಡಿಸಿ ಗಿಡದ ಬುಡಕ್ಕೆ ಚೆಲ್ಲಿಸುತ್ತಿದ್ದಳು. ಬಸುರಿಯರಿಗಂತೂ ಸೂಜಿಯೇ ಬೇಡ ಅನ್ನುತ್ತಿದ್ದಳು. ಇದನ್ನೆಲ್ಲ ಯಾರು ಹೇಳಿದರೆಂದು ಕೇಳುವ ಧೈರ್ಯ ಯಾರಿಗಿತ್ತು? ನನ್ನ ಹೆಂಡತಿ ಲಸಿಕೆ ಹಾಕಿಸಿಕೊಂಡಾಗ ನನ್ನ ಮಗಳು ಮೂರು ದಿನ ಪಾಕೀಟಿನ ಹಾಲು ಕುಡಿದು, ಕಕ್ಕಿ, ಮನೆ ಹಾರಿಹೋಗುವಂತೆ ಅತ್ತಿದ್ದಳು. ಆ ಸಿಟ್ಟು ನನಗೆ ಇನ್ನೂ ಇದೆ.

ಹೋದ ವರ್ಷ ಅವಳ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸಾಯಿತು. ಊರ ಬಾಣಂತಿಯರಿಗೆಲ್ಲ ಎರೆದು ಬಂದ ಮೇಲೆ ಕಡೆಗೆ ಮಗಳ ಪಾಳಿ. ಒಂದು ದಿನ ನಾನು ಹೊರಗೆ ನನ್ನ ಬಾಡಿಗೆಯ ಟಂಟಂ ಗಾಡಿ ಒರೆಸುತ್ತಿದ್ದೆ. ಅವರ ಬಚ್ಚಲಿನಿಂದ ಚೀರಿದ ಸದ್ದು ಬಂತು. ಚೀರಿದ್ದು ಮಗಳಲ್ಲ, ಸಾವಂತ್ರವ್ವ.

ಬಿಸಿನೀರು ಬಿದ್ದೊಡನೆ ಸುವರ್ಣಾ ಕಾಲು ಹಿಂದಕ್ಕೆ ಎಳೆದುಕೊಂಡಿದ್ದಳಂತೆ. ತಾಯಿ ಸೀರೆ ಸರಿಸಿ ನೋಡಿದರೆ ಮೀನಖಂಡದ ಮೇಲೆ ಹಲ್ಲಿನ ಗುರುತು, ಅದಕ್ಕೆ ಮೆತ್ತಿದ ಅರಿಷಿಣ, ಸುಣ್ಣ. ನಾಯಿ ಕಚ್ಚಿ ಎರಡು ದಿನವಾಗಿತ್ತು. ತಾಯಿ ಮನೆಯಲ್ಲಿ ಇಲ್ಲದಾಗ ಹಿತ್ತಲಿಗೆ ಹೋದವಳನ್ನು ಯಾವುದೋ ನಾಯಿ ಕಚ್ಚಿ ಓಡಿಹೋಗಿತ್ತು. ಇವಳು ಯಾರಿಗೂ ಹೇಳದೆ, ಏನೋ ನೆವ ಹೇಳಿ ಎರಡು ದಿನ ಎರೆಸಿಕೊಳ್ಳುವುದನ್ನೂ ತಪ್ಪಿಸಿಕೊಂಡಿದ್ದಳು.

"ಗುರುನಾಥಾ, ಗಾಡಿ ತಗಿಯೋ! ಲಗೂ ತಗಿ!"

ಬಾಗೇವಾಡಿಯ ದವಾಖಾನೆಗೆ ಹೊರಟೆವು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡಿತೆಂದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಹಾರ್ನ್ ಬಡಿದು ಬಡಿದು ನನ್ನ ಕೈ ನೋವಾಯಿತು, ಅದರ ಚಾಲಕನಿಗೆ ಬಾಯಿಗೆ ಬಂದಂತೆ ಬೈದೆ. ಹಿಂದೆ ಸಾವಂತ್ರವ್ವ ಕೂಸನ್ನು ಕಸಿದುಕೊಂಡು, "ಮೊಲಿ ಕೊಡಬ್ಯಾಡ, ಈಗ ಸೂಜಿ ಮಾಡ್ತಾರ" ಅನ್ನುತ್ತಿದ್ದಳು. ಕೂಸು ಊರಿಂದ ಊರಿಗೆ ಕೇಳುವಂತೆ ಅಳುತ್ತಿತ್ತು.

"ಯಾಕ ಮುಚ್ಚಿಟ್ಟಿ? ಬಾಯಿ ಸತ್ತಿತ್ತೇನ ನಿಂದು?" ಎಂದು ಅವಳು ಕೇಳಿದಷ್ಟು ಸಲವೂ ಮಗಳು ರಸ್ತೆ ನೋಡಿದಳು.

ದವಾಖಾನೆಯಲ್ಲಿ ಮೊದಲು ನಳದ ಕೆಳಗೆ ಸಾಬೂನು ಹಚ್ಚಿ ಬಹಳ ಹೊತ್ತು ಗಾಯ ತೊಳೆದರು. ಸಾವಂತ್ರವ್ವ ಕೂಸು ಹೊತ್ತು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದಳು. ಡಾಕ್ಟರಬಾಯಿ ಸೂಜಿ ಹಿಡಿದು ಬಂದರೆ ಸುವರ್ಣಾ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೊದಲ ಹೇಳ್ರಿ, ಕೂಸಿನ ಹಾಲು ಬಿಡಸಬೇಕೇನ್ರಿ? ಬಿಡಸೂದಿದ್ರ ನನಗ ಸೂಜಿ ಬ್ಯಾಡ."

"ಯಾರ ಹಂಗಂದೋರು?" ಡಾಕ್ಟರಬಾಯಿಗೆ ಸಿಟ್ಟೇ ಬಂತು. "ಈ ಲಸಿಕಿಯಿಂದ ಹಾಲಿಗೆ ಏನೂ ಆಗೂದಿಲ್ಲ. ಬಸುರಿಗೂ ಕೊಡ್ತೇವಿ, ಬಾಣಂತಿಗೂ ಕೊಡ್ತೇವಿ. ತಗೊಳ್ಳದಿದ್ರ ಜೀವಕ್ಕ ಅಪಾಯ ಐತಿ. ಮೊದಲೇ ತಡಾ ಮಾಡೀರಿ. ಸೂಜಿ ಆದ ಕೂಡ್ಲೇ ಕೂಸಿಗೆ ಹಾಲು ಕುಡಸು."

ಸುವರ್ಣಾ ಡಾಕ್ಟರನ್ನು ನೋಡಲಿಲ್ಲ. ತಾಯಿಯನ್ನು ನೋಡಿದಳು. ಸಾವಂತ್ರವ್ವನ ಓಡಾಟ ನಿಂತಿತು.

"ನಾಯಿಗಿಂತ ನನಗ ಹೆಚ್ಚ ಅಂಜಿದೇನ ನೀನು?"

"ಹೌದಬೇ," ಎಂದಳು ಮಗಳು. "ನಿನಗ ಗೊತ್ತಾದ್ರ ಕೂಸಿನ ಮೊಲಿ ಬಿಡಸ್ತಿದ್ದಿ."

ನನಗೆ ಆ ಕ್ಷಣ ಸಾವಂತ್ರವ್ವನ ಮೇಲಿದ್ದ ಸಿಟ್ಟೂ ನೆನಪಾಗಲಿಲ್ಲ, ಪಾಪ ಅನ್ನಿಸಿತು. ಅವಳು ಅಳುತ್ತಿದ್ದ ಕೂಸನ್ನು ಮಗಳ ತೊಡೆಯ ಮೇಲಿಟ್ಟು, "ಸೂಜಿ ಮಾಡ್ರಿ ಬಾಯಾರ" ಎಂದಳು. ಗಾಯದ ಸುತ್ತ ಒಂದು ಮದ್ದು, ತೋಳಿಗೆ ಲಸಿಕೆ. ಮುಗಿದ ಮೇಲೂ ಸುವರ್ಣಾ ಅನುಮಾನದಿಂದ ಹಾಗೇ ಕುಳಿತಿದ್ದಳು.

"ಕುಡಸು," ಅಂದಳು ಸಾವಂತ್ರವ್ವ.

ಕೂಸು ಹಸಿದು ಕಂಗಾಲಾಗಿತ್ತು, ಗಬಗಬ ಕುಡಿಯಿತು. ಅದನ್ನು ನೋಡುತ್ತ ನೋಡುತ್ತ ಸಾವಂತ್ರವ್ವ ಬೆಂಚಿನ ಮುಂದೆ ನೆಲದ ಮೇಲೆ, ಮಗಳ ಕಾಲ ಬಳಿ ಕುಳಿತುಬಿಟ್ಟಳು.

ಬರುವಾಗ ಸಾವಂತ್ರವ್ವ ನಮ್ಮೂರ ಸುನಂದಾಳ ಮನೆ ಮುಂದೆ ಗಾಡಿ ನಿಲ್ಲಿಸಲು ಹೇಳಿದಳು. ಸುನಂದಾ ತುಂಬು ಬಸುರಿ. ಇವಳ ಮಾತು ಕೇಳಿಯೇ ಧನುರ್ವಾಯು ಸೂಜಿ ತಪ್ಪಿಸಿಕೊಂಡಿದ್ದಳು. "ನಾಳಿಗೇ ಹೋಗಿ ಹಾಕಿಸ್ಕೋ. ನಾ ಹೇಳಿದ್ದು ತಪ್ಪು," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಬಾಯಿ ಆಗಲೂ ಜೋರೇ.

ಉಳಿದ ಸೂಜಿಗಳಿಗೆಲ್ಲ ನಾನೇ ಗಾಡಿ ಓಡಿಸಿದೆ. ಸುವರ್ಣಾಳಿಗೆ ಏನೂ ಆಗಲಿಲ್ಲ. ಕೂಸು ಈಗ ಅಂಬೆಗಾಲಿಟ್ಟು ನಮ್ಮ ಪಡಸಾಲೆಗೂ ಬರುತ್ತದೆ.

ಸಾವಂತ್ರವ್ವ ಈಗಲೂ ಊರು ಸುತ್ತುತ್ತಾಳೆ. ಆದರೆ ಯಾರ ಮನೆಗೆ ಹೋದರೂ ನೀರು ತೋಡುವ ಮೊದಲು ಬಾಣಂತಿಯ ಪಕ್ಕ ಕೂತು ಕೇಳುತ್ತಾಳಂತೆ: "ಏನರ ಮುಚ್ಚಿಟ್ಟೀಯೇನವಾ? ಹೇಳು. ನಾ ಬೈಯೂದಿಲ್ಲ."