ಕೊನೊಮಿಯ ಹುಳುಕು ಹಲ್ಲು

ಹಾಚಿನೊಹೆ ಬಂದರಿನ ಮೀನು ಮಂಡಿಯಲ್ಲಿ ಬೊಂಡಾಸ್ ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬುವುದು ಶಿಗೆಕಿಯ ಕೆಲಸ. ನಸುಕಿಗೆ ಮುಂಚೆಯೇ ಮನೆ ಬಿಡುತ್ತಿದ್ದ. ಹೆಂಡತಿ ಯುಕಾರಿ ಅವನಿಂದ ಬೇರೆಯಾಗಿ ಸೆಂದಾಯ್ ಪಟ್ಟಣದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ಉಳಿದದ್ದು ಅವನು ಮತ್ತು ಎರಡನೇ ಕ್ಲಾಸಿನ ಮಗಳು ಕೊನೊಮಿ. ಗಂಡಹೆಂಡಿರ ನಡುವೆ ದೊಡ್ಡ ಜಗಳವೇನೂ ಆಗಿರಲಿಲ್ಲ. ಮಾತು ನಿಂತುಹೋಗಿತ್ತು, ಅಷ್ಟೆ. ಅವಳು ಬಸ್ಸು ಹತ್ತಿದ ದಿನವೂ ಶಿಗೆಕಿ ಪೆಟ್ಟಿಗೆ ಎತ್ತಿಕೊಟ್ಟು ಸುಮ್ಮನೆ ನಿಂತಿದ್ದ.

ಜೂನ್ ತಿಂಗಳಲ್ಲಿ ಶಾಲೆಯಲ್ಲಿ ಹಲ್ಲಿನ ತಪಾಸಣೆ ನಡೆಯಿತು. ಮಕ್ಕಳ ಆರೋಗ್ಯ ನೋಡಿಕೊಳ್ಳುವ ತೊಕಿತಾ ಟೀಚರ್ ಅವನನ್ನು ಕರೆಸಿದರು. ಗದರಲಿಲ್ಲ. ಮಗುವಿನ ದವಡೆ ಹಲ್ಲುಗಳಿಗೆ ಹುಳುಕು ಹಿಡಿದಿದೆ, ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಂತು ಹಲ್ಲುಜ್ಜುವಾಗ ಇವಳು ಒಣ ಬ್ರಷ್ಷನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತಿರುತ್ತಾಳೆ, ಯಾಕೆಂದು ಕೇಳಿದರೆ ಹೇಳುವುದಿಲ್ಲ ಎಂದರು.

ಸಂಜೆ ಅನ್ನ, ಮೀನು ಬಡಿಸಿ ಅವನು ಮಗಳನ್ನೇ ನೋಡುತ್ತ ಕೂತ. ಅವಳು ಒಂದೇ ಕಡೆಯಿಂದ ಅಗಿಯುತ್ತಿದ್ದಳು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಯಾಕೆ ಹಲ್ಲುಜ್ಜುತ್ತಿಲ್ಲ ಎಂದು ಕೇಳಿದ.

"ಹುಳುಕು ಬಂದ್ರೆ ನಾನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕಾಗುತ್ತೆ ಅಂತ ಅಮ್ಮ ಹೇಳ್ತಿದ್ಲು. ಅದಕ್ಕೇ."

"ನೋಯಲ್ವೇನೇ?"

"ನೋಯುತ್ತೆ. ಇನ್ನೂ ಸಾಲ್ದೇನೋ ಅಂದ್ಕೊಂಡಿದ್ದೆ."

ಶಿಗೆಕಿ ಎದ್ದು ಹೊರಗೆ ಹೋಗಿ ಯುಕಾರಿಗೆ ಫೋನ್ ಮಾಡಿದ. ಮಗಳು ಹೇಳಿದ್ದನ್ನು ಹಾಗೆಯೇ ಹೇಳಿದ. ಶನಿವಾರ ಬರುತ್ತೇನೆ ಎಂದಳು.

ಶನಿವಾರ ಅವನು ಗಡ್ಡ ಬೋಳಿಸಿಕೊಂಡು, ಶರಟಿಗೆ ಇಸ್ತ್ರಿ ಮಾಡುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ. ಮಗಳ ಹಲ್ಲು ಹಾಳಾದದ್ದಕ್ಕೆ ತನಗೂ ಒಳಗೊಳಗೇ ಖುಷಿಯಾಗಿದೆ ಎಂದು ಹೊಳೆದು ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹಲ್ಲು ಕೊರೆದು ತುಂಬುವಷ್ಟು ಹೊತ್ತೂ ಕೊನೊಮಿ ಅಮ್ಮನ ಬೆರಳುಗಳನ್ನು ಹಿಡಿದುಕೊಂಡೇ ಇದ್ದಳು. ಒಮ್ಮೆಯೂ ಅಳಲಿಲ್ಲ. ಮನೆಗೆ ಬಂದ ಮೇಲೆ ಯುಕಾರಿ ಚಾಪೆಯ ಮೇಲೆ ಕೂತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲಿನ ಹಾಗೆಯೇ ಹಲ್ಲುಜ್ಜತೊಡಗಿದಳು. ಕೊನೊಮಿ ಕಣ್ಣು ಮುಚ್ಚಿದಳು. ಶಿಗೆಕಿ ಬಾಗಿಲಲ್ಲೇ ನಿಂತಿದ್ದ.

"ಬಾ, ನೀನೂ ನೋಡ್ಕೋ," ಎಂದಳು ಯುಕಾರಿ. "ತುಟೀನ ಬೆರಳಲ್ಲಿ ಹಿಂಗೆ ಸರಿಸ್ಬೇಕು. ಒತ್ತಬೇಡ."

ಅವನು ಪಕ್ಕದಲ್ಲಿ ಮಂಡಿಯೂರಿದ. ಐಸಿನಲ್ಲಿ ಬಿರಿದ ಅವನ ಕೈಯನ್ನು ಹಿಡಿದು ಅವಳು ಬ್ರಷ್ಷು ಆಡಿಸಿದಳು. ಅವನಿಗೆ ಆಗಲೇ ತಿಳಿದಿತ್ತು. ಆದರೂ, ತಿಳಿಯಲಿಲ್ಲ, ಇನ್ನೊಂದು ಸಲ ತೋರಿಸು ಎಂದ. ಅವಳು ಅವನ ಮುಖ ನೋಡಿ, ಇನ್ನೊಂದು ಸಲ ತೋರಿಸಿದಳು.

ಬಸ್ ನಿಲ್ದಾಣದಲ್ಲಿ ಕೊನೊಮಿ, ಮತ್ತೊಂದು ಹಲ್ಲು ಹಾಳಾದರೆ ಬರ್ತೀಯಾ ಎಂದು ಕೇಳಿದಾಗ ಯುಕಾರಿ ಬಗ್ಗಿ ಅವಳ ಅಂಗಿಯ ಗುಂಡಿ ಹಾಕತೊಡಗಿದಳು.

"ಹಲ್ಲು ಚೆನ್ನಾಗಿದ್ರೂ ಬಾ," ಎಂದ ಶಿಗೆಕಿ.

ಅವಳು ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದಳು. ಆಗಸ್ಟಿನಲ್ಲಿ ಹಿರಿಯರನ್ನು ನೆನೆಯುವ ಓಬೋನ್ ಹಬ್ಬಕ್ಕೆ ಬಂದು ಹೋದಳು. ಆಮೇಲೆ ಬರಲಾಗಲಿಲ್ಲ. ದಿನಾ ಸಂಜೆ ಮಗಳ ತಲೆ ಅವನ ತೊಡೆಯ ಮೇಲಿರುತ್ತಿತ್ತು. ಮೊದಮೊದಲು ಮೀನು ವಾಸನೆ ಎಂದು ಮುಖ ಕಿವುಚುತ್ತಿದ್ದವಳು ನಂತರ ಅಲ್ಲೇ ನಿದ್ದೆಹೋಗತೊಡಗಿದಳು.

ಚಳಿ ಶುರುವಾಗುವ ಹೊತ್ತಿಗೆ ಶಾಲೆಯಲ್ಲಿ ಮತ್ತೆ ತಪಾಸಣೆಯಾಯಿತು. ಹೊಸ ಹುಳುಕು ಒಂದೂ ಇಲ್ಲ ಎಂದು ತೊಕಿತಾ ಟೀಚರ್ ನಗುತ್ತ ಹೇಳಿದರು. ಶಿಗೆಕಿ ತಲೆಬಾಗಿ ವಂದಿಸಿದ. ದಾರಿಯಲ್ಲಿ, ಯುಕಾರಿಯನ್ನು ಕರೆಯಲು ಇನ್ನು ನೆಪವೇ ಇಲ್ಲವಲ್ಲ ಎನಿಸಿತು. ಸೇತುವೆಯ ಮೇಲೆ ನಿಂತು, ಆ ಸುದ್ದಿಯನ್ನೇ ಹೇಳಲು ಫೋನ್ ಮಾಡಿದ.

"ಹಿಂದಿನ ದವಡೆಗೆ ಬ್ರಷ್ಷು ಮುಟ್ಟುತ್ತಾ?" ಎಂದು ಕೇಳಿದಳು ಅವಳು.

ಮುಟ್ಟುತ್ತದೆ ಎಂದ. ಮೇಲಿನದಕ್ಕೆ ಎಂದಳು. ಅದಕ್ಕೆ ಸ್ವಲ್ಪ ಕಷ್ಟ ಎಂದ. ಅವನು ಗಾಳಿಗೆ ಬೆನ್ನು ಕೊಟ್ಟು ನಿಂತ. ಇಬ್ಬರೂ ಮಗಳ ಹಲ್ಲಿನ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಬೇರೆ ಮಾತು ಯಾರೂ ತೆಗೆಯಲಿಲ್ಲ, ಫೋನೂ ಇಡಲಿಲ್ಲ.