ಮೋಟೆಬೆನ್ನೂರು ದಾಟಿದ ಮೇಲಿನ ಕೆಮ್ಮು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಸಂಜೆಯ ಹಾವೇರಿ ಬಸ್ಸಿನಲ್ಲಿ ಕೆಮ್ಮದೆ ಕೂತವರು ಯಾರೂ ಇರುತ್ತಿರಲಿಲ್ಲ. ಪೇಟೆಯಲ್ಲಿ ದಿನವಿಡೀ ತೊಟ್ಟು ಬಿಡಿಸಿದ ಹೆಂಗಸರು ಸೀರೆಯ ನೆರಿಗೆಯಲ್ಲೆಲ್ಲ ಘಾಟು ತುಂಬಿಕೊಂಡೇ ಹತ್ತುತ್ತಿದ್ದರು. ಕಂಡಕ್ಟರ್ ಕೆಮ್ಮುತ್ತಲೇ ಟಿಕೆಟ್ ಹರಿಯುತ್ತಿದ್ದ. ಹೊಸಬರಾದರೆ ಗಾಬರಿ ಬೀಳಬೇಕು, ನಮಗದು ರೂಢಿಯಾಗಿತ್ತು.

ಆದರೆ ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನಮ್ಮ ಕಡೆ ಮನೆಮನೆಗೂ ಫ್ಲೂ ಬಂದಿತ್ತು. ಆ ಬಸ್ಸು ಹತ್ತುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ನಾನು ಬ್ಯಾಡಗಿಯ ಶಾಲೆಯೊಂದರಲ್ಲಿ ಶಿಕ್ಷಕಿ, ಮನೆ ಹಾವೇರಿಯಲ್ಲಿ. ಮನೆಯಲ್ಲಿ ಅತ್ತೆಯ ಮಡಿಲಲ್ಲಿ ಒಂಬತ್ತು ತಿಂಗಳ ಮಗಳು. ನಾಲ್ಕನೆಯ ತಿಂಗಳಲ್ಲೇ ನ್ಯುಮೋನಿಯಾ ಆಗಿ, ಅವಳು ಉಳಿದದ್ದೇ ಹೆಚ್ಚು. "ಇನ್ನೊಮ್ಮೆ ಎದಿಗೆ ಇಳೀತಂದ್ರ ನನ್ನ ಕೈಯಾಗ ಇಲ್ಲ ನೋಡ್ರಿ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಹಾಗಾಗಿ ನಾನೊಂದು ಪರೀಕ್ಷೆ ಕಂಡುಕೊಂಡಿದ್ದೆ. ಬಸ್ಸು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹಿಡಿದದ್ದೇ ಕಿಟಕಿಗಳಿಂದ ಗಾಳಿ ನುಗ್ಗಿ ಘಾಟು ಹಾರಿಹೋಗುತ್ತಿತ್ತು. ಮೆಣಸಿನಕಾಯಿ ಕೆಮ್ಮು ಅಲ್ಲಿಗೆ ಬಂದ್. ಆಮೇಲೂ ಯಾರು ಕೆಮ್ಮುತ್ತಾರೋ ಅವರದು ಜ್ವರದ ಕೆಮ್ಮು. ಅಂಥವರು ಪಕ್ಕದಲ್ಲಿದ್ದರೆ ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಒಮ್ಮೆ ಹಾಗೆ ಎದ್ದಾಗ ಒಬ್ಬ ಮುದುಕಿ, "ಯಾಕವಾ, ನಾನೇನ ಹೊಲಸ ತುಳದ ಬಂದೇನೇನು?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಅಂದರೆ ಅನ್ನಲಿ ಎಂದು ಬಾಗಿಲ ಹತ್ತಿರವೇ ನಿಂತೆ.

ಈ ಪರೀಕ್ಷೆಯ ಗುಟ್ಟು ಗೊತ್ತಿದ್ದದ್ದು ವೈನಿಯೊಬ್ಬರಿಗೆ ಮಾತ್ರ. ಸ್ವಂತ ಅಣ್ಣನ ಹೆಂಡತಿಯಲ್ಲ, ಬಸ್ಸಿನ ವೈನಿ. ರಾಣೆಬೆನ್ನೂರಿನ ಒಂದು ಕಚೇರಿಯಲ್ಲಿ ಕೆಲಸ, ಹಾವೇರಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮನೆ. ಸಂಜೆ ರಾಣೆಬೆನ್ನೂರಿನಲ್ಲಿ ಹತ್ತಿದವರೇ ಪಕ್ಕದ ಸೀಟಿಗೆ ನನ್ನ ಹೆಸರಿನಲ್ಲಿ ಕರ್ಚೀಫು ಹಾಸುತ್ತಿದ್ದರು. ಬ್ಯಾಡಗಿಯಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಅದರ ಮೇಲೆ ಯಾರಾದರೂ ಕೂತರೆ "ನಮ್ಮ ತಂಗಿ ಬರತಾಳ, ಏಳ್ರಿ" ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಮೂರು ವರ್ಷ ಹೀಗೆ ನಡೆದಿತ್ತು. ನನ್ನ ಗಂಡನಿಗೆ ಹೇಳದ ಮಾತನ್ನೂ ನಾನು ಅವರಿಗೆ ಹೇಳಿದ್ದೆ.

ಆ ವಾರ ವೈನಿಯೂ ಕೆಮ್ಮುತ್ತಿದ್ದರು. ನಾನು ಕಿವಿ ನಿಮಿರಿಸಿ ಕಾದೆ. ಬಸ್ಸು ಮೋಟೆಬೆನ್ನೂರಿಗೆ ಬರುವಷ್ಟರಲ್ಲಿ ಅವರು ಚೀಲದಿಂದ ಜೇಷ್ಠಮಧುವಿನ ಕಡ್ಡಿ ತೆಗೆದರು. ಅದಕ್ಕೆ ಸೆರಗು ಸುತ್ತಿ ಹಲ್ಲಿನಿಂದ ಕಚ್ಚಿ ಮುರಿದು, ಅರ್ಧ ತಮ್ಮ ಬಾಯಿಗೆ ಹಾಕಿಕೊಂಡು ಅರ್ಧ ನನ್ನ ಕೈಗಿಟ್ಟರು.

"ಗುಬ್ಬಿ ಎಂಜಲಾ ಮಾಡೇನಿ, ತಿನ್ನು. ಘಾಟು ಇಳೀತೈತಿ."

ಬಟ್ಟೆಯ ಮೇಲಿಂದ ಕಚ್ಚಿದರೆ ಎಂಜಲಲ್ಲ ಎಂದು ನಂಬಿ, ಪೇರಲಹಣ್ಣು, ಮಾವಿನಕಾಯಿ ಎಲ್ಲ ಹಾಗೇ ಹಂಚಿಕೊಂಡು ಬೆಳೆದವರು ನಾವು. ತಿಂದೆ. ಹೆದ್ದಾರಿಯಲ್ಲಿ ವೈನಿ ಕೆಮ್ಮಲಿಲ್ಲ. ನನ್ನ ಮನಸ್ಸು ಹಗುರಾಯಿತು. ನಾಲ್ಕು ದಿನ ಹಾಗೇ ತಿಂದೆ. ಬೆಳಿಗ್ಗೆ ಮಕ್ಕಳಿಗೆ ರೋಗಾಣುಗಳ ಪಾಠ ಮಾಡಿ, ಸಂಜೆ ಗುಬ್ಬಿ ಎಂಜಲು ತಿಂದ ಜಾಣೆ ನಾನು!

ಐದನೆಯ ದಿನ ನನಗೆ ಮೈ ಸುಡತೊಡಗಿತು. ಮತ್ತೆರಡು ದಿನಕ್ಕೆ ಮಗಳಿಗೆ. ಉಸಿರೆಳೆದಾಗಲೆಲ್ಲ ಅವಳ ಪಕ್ಕೆಲುಬಿನ ಕೆಳಗೆ ಗುಣಿ ಬೀಳುವುದನ್ನು ನೋಡುತ್ತ ಆಸ್ಪತ್ರೆಯಲ್ಲಿ ಎಂಟು ದಿನ ಕೂತೆ. ಉಳಿದಳು.

ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ, ಬ್ಯಾಡಗಿ ನಿಲ್ದಾಣದಲ್ಲಿ ಬಸ್ಸು ಹತ್ತುವ ಮೊದಲೇ ಕಂಡಕ್ಟರ್ ಕೇಳಿದ, "ಕೂಸು ಹ್ಯಾಂಗೈತ್ರಿ ಅಕ್ಕೋರ?"

ಆರಾಮ ಇದ್ದಾಳೆ ಎಂದೆ.

"ಏನ ಜ್ವರಾನೋ ಏನೋರಿ. ನಿಮ್ಮ ವೈನ್ಯಾರೂ ಆವಾಗ ಜ್ವರದ ಮೈಯಾಗ ಬರತಿದ್ರು. ರಾಣೆಬೆನ್ನೂರಿಂದ ಬ್ಯಾಡಗಿತನಾ ಒಂದ ಸವನ ಕೆಮ್ಮು. ಅಕ್ಕೋರ ಮುಂದ ಹೇಳಬ್ಯಾಡ್ರಿ, ಅಂಜತಾರ ಅಂದಿದ್ರು. ಅದಕ್ಕ ನಾವ್ಯಾರೂ ಬಾಯಿ ಬಿಡಲಿಲ್ರಿ."

ಯಾರೂ! ಅಂದರೆ ಇಡೀ ಬಸ್ಸಿಗೆ ಗೊತ್ತಿತ್ತು. ರಾಣೆಬೆನ್ನೂರಿನ ದಾರಿಯಲ್ಲಿ ಎಲ್ಲಿಯ ಘಾಟು, ಎಲ್ಲಿಯ ಮೆಣಸಿನಕಾಯಿ? ನಾನು ಕಂಡುಹಿಡಿದ ಪರೀಕ್ಷೆಯನ್ನು ನನ್ನಿಂದಲೇ ಕಲಿತು, ಹೆದ್ದಾರಿ ಬರುವಷ್ಟರಲ್ಲಿ ಜೇಷ್ಠಮಧುವಿನಿಂದ ಕೆಮ್ಮು ಅದುಮಿ ಪಾಸಾಗಿದ್ದರು ವೈನಿ.

ಹತ್ತಿದೆ. ಕರ್ಚೀಫು ಹಾಸಿತ್ತು. ನಾನು ಕೂರಲಿಲ್ಲ.

"ನಿಮಗ ಜ್ವರ ಇತ್ತಂತಲ್ಲ ವೈನಿ?"

ಅವರು ಸುಳ್ಳು ಹೇಳಲಿಲ್ಲ. "ರಜಾ ಉಳಿದಿರಲಿಲ್ಲ ತಂಗಿ" ಎಂದರು.

"ನಾ ರಜಾ ಕೇಳಲಿಲ್ಲ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನನ್ನ ಬಾಜೂ ಕುಂದರ್ತಿದ್ದೇನು? ಆ ಮುದುಕಿನ್ನ ಬಿಟ್ಟು ಎದ್ದಿ, ನಾ ನೋಡಿದ್ನಲ್ಲ."

"ನನ್ನ ಕೂಸಿನಕಿಂತ ನಿಮಗ ಬಸ್ಸಿನ ಜೋಡಿ ಹೆಚ್ಚಾತೇನು?"

ಕರ್ಚೀಫು ಎತ್ತಿ ಅವರ ಮಡಿಲಿಗೆ ಹಾಕಿ, ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ಬೇರೆ ಯಾರಿಂದಲಾದರೂ ಬಂದಿದ್ದರೆ ಅದು ಬರೀ ಜ್ವರವಾಗಿರುತ್ತಿತ್ತು.

ಮೋಟೆಬೆನ್ನೂರು ಬಂತು. ಬಸ್ಸು ಹೆದ್ದಾರಿ ಹಿಡಿಯಿತು, ಗಾಳಿ ನುಗ್ಗಿತು, ಎಲ್ಲರ ಕೆಮ್ಮು ಒಂದೊಂದಾಗಿ ನಿಂತಿತು. ಒಂದು ಮಾತ್ರ ನಿಲ್ಲಲಿಲ್ಲ. ಅದು ನನ್ನದು. ಜ್ವರ ಬಿಟ್ಟರೂ ಎದೆಯಲ್ಲಿ ಉಳಿದುಕೊಂಡಿದ್ದ ಕೆಮ್ಮು. ಪಕ್ಕದಲ್ಲಿ ಹೆಗಲಿಗೆ ಕೂಸು ಹಾಕಿಕೊಂಡು ನಿಂತಿದ್ದವಳು ನನ್ನ ಮುಖ ನೋಡಿ, ಕೂಸಿನ ಮೇಲೆ ಸೆರಗು ಎಳೆದಳು. ಸರಿಯಲು ಅವಳಿಗೆ ಜಾಗವಿರಲಿಲ್ಲ.

"ಘಾಟರೀ" ಎಂದೆ. "ಮೆಣಸಿನಕಾಯಿ ಘಾಟು."

ವೈನಿ ತಿರುಗಿ ನನ್ನನ್ನು ನೋಡಿದರು. ಕರ್ಚೀಫನ್ನು ಅವರು ಮತ್ತೆ ಸೀಟಿಗೆ ಹಾಸಿದ್ದರು. ಅಷ್ಟು ಗದ್ದಲದಲ್ಲೂ ಹಾವೇರಿಯವರೆಗೆ ಅದರ ಮೇಲೆ ಯಾರನ್ನೂ ಕೂರಗೊಡಲಿಲ್ಲ. ನಾನೂ ಕೂರಲಿಲ್ಲ.