ಬಿಚ್ಚಿ ಹಂಚಿಕೊಂಡ ಕ್ಯೂ

ಮಹಬೂಬ್ ಭಾಯಿ ನನ್ನ ಮುಂದೆ ಇಟ್ಟದ್ದು ಅರ್ಧ ಪೂಲ್ ಕ್ಯೂ, ಟೇಬಲ್ ಮೇಲೆ ಚೆಂಡು ಹೊಡೆಯುವ ಕೋಲು. ಹಿಡಿಯ ಭಾಗ ಮಾತ್ರ.

ಶಹಾಪುರದಲ್ಲಿ ಅವರದು ಸೈಕಲ್ ಅಂಗಡಿ. ಯಾದಗಿರಿಯಲ್ಲಿ ಲೇಥ್ ಕೆಲಸ ಕಲಿಸುವ ನನಗೆ ಹಳೆಯ ಕ್ಯೂಗಳನ್ನು ಗುರುತಿಸುವ ಹವ್ಯಾಸವಿದೆ ಎಂದು ಯಾರೋ ಹೇಳಿದ್ದರಂತೆ.

ಉಳಿದರ್ಧ ಎಲ್ಲಿ ಎಂದು ಕೇಳಿದೆ.

“ಸುರಪುರದಾಗ, ತಮ್ಮ ರಶೀದನ ಬಲ್ಲಿ ಅದರಿ. ಅಬ್ಬಾ ಹೋದ ಮ್ಯಾಲ ಎಲ್ಲಾ ಪಾಲಾತು. ಇದು ತಿರುವಿದ್ರ ಬಿಚ್ಚತಿತ್ತು, ಬಿಚ್ಚಿ ಹಂಚಕೊಂಡ್ವಿ. ಮಂಚ ಬಿಚ್ಚಲಿಲ್ಲ, ಅದಕ್ಕ ಮಾರಿಬಿಟ್ವಿ.”

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಪಾಲಾದಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

ಅವರ ತಂದೆ ಹೈದರಾಬಾದಿನ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಟೇಬಲ್ ನೋಡಿಕೊಂಡು ಆಟದ ಅಂಕ ಹಿಡಿಯುವ ಕೆಲಸ. ಅಮೆರಿಕದ ಸದಸ್ಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಕೊಟ್ಟುಹೋದ ಕ್ಯೂ ಇದು.

ಭೂತಗನ್ನಡಿ ಹಿಡಿದು ನೋಡಿದೆ. ಕರಿಮರದ ನಾಲ್ಕು ಚೂಪುಗಳನ್ನು ಬಿಳಿ ಮರದೊಳಗೆ ಕೈಯಿಂದಲೇ ಕೂಡಿಸಿದ್ದಾರೆ. ಅವುಗಳ ಎತ್ತರ ಕೂದಲೆಳೆಯಷ್ಟು ಹೆಚ್ಚುಕಡಿಮೆ. ಬುಡದಲ್ಲಿ ತಯಾರಕನ ಮುದ್ರೆ.

ಸಾಧಾರಣ ವಸ್ತುವಲ್ಲ. ಆದರೆ ಇದರದೇ ಮುಂಭಾಗವನ್ನು ನೋಡದೆ ಬೆಲೆ ಹೇಳಲಾಗದು ಎಂದೆ.

“ಹಂಗಾದ್ರ ನೀವೇ ಹೋಗಿ ಕೇಳ್ರಿ ಸರ. ನಾ ಹೋದ್ರ ಮತ್ತ ಪಾಲಿನ ಮಾತೇ ಬರತದ. ಕ್ಯೂ ಕೂಡಿದ ಮ್ಯಾಲ ಅವನ ಮನ್ಯಾಗೇ ಇರ್ಲಿ. ಒಮ್ಮೆ ಬಂದು ಹೋಗು ಅನ್ರಿ.” ಹಿಡಿಯನ್ನೂ ನನ್ನ ಕೈಗೇ ಕೊಟ್ಟರು.

ರಶೀದ್ ಸುರಪುರದಲ್ಲಿ ದರ್ಜಿ. ಮೇಲಿನ ಸಾಲಿನ ಅಂಗಿಗಳನ್ನು ಇಳಿಸಲು ಬಳಸುತ್ತಿದ್ದುದು ಅದೇ ಮುಂಭಾಗ… ಆದರೂ ಬಾಗಿರಲಿಲ್ಲ, ಒಂದು ಗೀರೂ ಇರಲಿಲ್ಲ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡನ್ನೂ ಕೂಡಿಸಿ ತಿರುಗಿಸಿದೆ. ತಿರುಪಿನ ಥ್ರೆಡ್ ಕಚ್ಚಿಕೊಂಡಿತು. ಬೆಳಕು ನುಸುಳುವಷ್ಟೂ ಸಂದು ಉಳಿಯಲಿಲ್ಲ.

ಅಣ್ಣನ ಮಾತು ತಿಳಿಸಿದೆ. ರಶೀದ್ ಕೊರಳಿನ ಟೇಪು ತೆಗೆದಿಟ್ಟರು.

“ನಡೀರಿ, ಈಗೇ ಬರ್ತೀನಿ.”

ಶಟರ್ ಅರ್ಧ ಎಳೆದವರು ಅಲ್ಲೇ ನಿಂತು ಕೇಳಿದರು: “ಸರ, ಬ್ಯಾರೆ ಬ್ಯಾರೆ ಇದ್ರ ಯಾವುದಕ್ಕ ಕಿಮ್ಮತ್ತು ಜಾಸ್ತಿರಿ?”

ಗೊತ್ತಿದ್ದದ್ದನ್ನು ಹೇಳಿದೆ. ಹಿಡಿಯ ಭಾಗಕ್ಕೆ. ಮುದ್ರೆ, ಕೈಕೆಲಸ ಎಲ್ಲವೂ ಅಲ್ಲಿವೆ. ಮುಂಭಾಗವೊಂದನ್ನೇ ನೋಡಿ ಯಾರು ಮಾಡಿದ್ದೆಂದು ಹೇಳುವುದೂ ಕಷ್ಟ.

“ಹೌದೇನ್ರಿ… ಅವತ್ತು ಮೊದಲು ಆರಿಸಿಕೊಂಡವ ಅಣ್ಣನೇ ನೋಡ್ರಿ. ಭಾಳ ಶ್ಯಾಣ್ಯಾ ಇದ್ದಾನ.”

ಅಣ್ಣನಿಗೆ ಅದು ಗೊತ್ತಿರಲಿಲ್ಲ ಎಂದೆ. ಅಷ್ಟರಲ್ಲಿ ಅರ್ಧ ಎಳೆದಿದ್ದ ಶಟರ್ ಮತ್ತೆ ಮೇಲಕ್ಕೆ ಹೋಗಿಯಾಗಿತ್ತು.

ಅವರೇ ಕ್ಯೂ ಬಿಚ್ಚಿದರು. ಹಿಡಿಯನ್ನು ಲೈನಿಂಗ್ ಬಟ್ಟೆಯಲ್ಲಿ ನೀಟಾಗಿ ಸುತ್ತಿ ನನ್ನ ಕೈಗಿತ್ತು, “ಚಾ ಕುಡದು ಹೋಗ್ರಿ” ಎಂದರು.

ಶಹಾಪುರಕ್ಕೆ ಮರಳಿದಾಗ ಮಹಬೂಬ್ ಭಾಯಿ ಗಂಟನ್ನು ನೋಡಲಿಲ್ಲ; ನನ್ನ ಬೆನ್ನ ಹಿಂದೆ ನೋಡಿದರು.

“ಅವ ಬರಲಿಲ್ಲೇನ್ರಿ?”

ನಡೆದದ್ದನ್ನು ಹೇಳಿದೆ. ಅವರು ಬಟ್ಟೆ ಬಿಡಿಸಿ, ಹಿಡಿಯ ಮೇಲೆ ಸುತ್ತಿದ್ದ ಕಪ್ಪಾದ ದಾರದ ಮೇಲೆ ಹೆಬ್ಬೆರಳು ಇಟ್ಟರು.

“ಅಬ್ಬಾನ ಕೈ ಬೆವರು ಇದ್ರಾಗ ಅದ ಅಂತ ಇದನ್ನ ತೊಗೊಂಡಿದ್ದೆ. ಕಿಮ್ಮತ್ತು ಯಾರಿಗೆ ಗೊತ್ತಿತ್ರಿ?”

ಮರದ ಬಗ್ಗೆ, ಮುದ್ರೆಯ ಬಗ್ಗೆ ಅಷ್ಟೆಲ್ಲ ವಿಚಾರಿಸಿದ ನಾನು, ಈ ಭಾಗವನ್ನೇ ಏಕೆ ಆರಿಸಿಕೊಂಡಿರಿ ಎಂದು ಅವರನ್ನು ಕೇಳಿರಲಿಲ್ಲ.

ರಶೀದ್ ಈಗ ನನ್ನ ಫೋನ್ ಎತ್ತುತ್ತಿಲ್ಲ.

ಅಣ್ಣನ ಮನೆಗೆ ಹೊರಟು ನಿಂತ ತಮ್ಮ ಯಾವ ಅರ್ಧಕ್ಕೆ ಕಿಮ್ಮತ್ತು ಜಾಸ್ತಿ ಎಂದು ಕೇಳಿದ್ದರೆ, ನೀವಾದರೆ ಏನು ಹೇಳುತ್ತಿದ್ದಿರಿ?